ಕಾರಿನಿಂದ ‘ಗುಂಯ್’ ಸದ್ದು ಬಂದರೆ ಗೇರ್‌ಬಾಕ್ಸ್ ಹೋಯಿತೆಂದೇ ಅರ್ಥವೆ? ಘಟ್ಟ ಇಳಿಯುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಒಂದೇ ನೋಟದಲ್ಲಿ

- ಎಸ್‌ಯುವಿಯಿಂದ ಬರುವ ‘ಗುಂಯ್’, ‘ಕುಂಯ್’ ಸದ್ದಿಗೆ ಹತ್ತಾರು ಕಾರಣಗಳಿವೆ. ಗೇರ್‌ಬಾಕ್ಸ್ ಅವುಗಳಲ್ಲಿ ಒಂದು ಮಾತ್ರ.
- ಸದ್ದು ಎಂಜಿನ್ ವೇಗದ ಜೊತೆ ಏರುತ್ತದೆಯೋ, ಚಕ್ರದ ವೇಗದ ಜೊತೆಯೋ ಎಂಬುದನ್ನು ಮೊದಲು ಗುರುತಿಸಬೇಕು. ಅರ್ಧ ರೋಗ ಅಲ್ಲೇ ಪತ್ತೆಯಾಗುತ್ತದೆ.
- ಬೆಲ್ಟಿಗೆ ಸಾಬೂನು, ಗೇರ್‌ಬಾಕ್ಸಿಗೆ ಗ್ರೀಸು, ಘಟ್ಟದಲ್ಲಿ ನ್ಯೂಟ್ರಲ್: ವಾಟ್ಸಾಪಿನಲ್ಲಿ ಓಡಾಡುವ ಈ ಮೂರು ಸಲಹೆಗಳೂ ತಪ್ಪು. ಮೂರನೆಯದು ಜೀವಕ್ಕೇ ಅಪಾಯ.
- ಚಕ್ರದ ಬೇರಿಂಗ್ ಮತ್ತು ಬ್ರೇಕಿನ ಸದ್ದನ್ನು ‘ನಾಳೆ ನೋಡೋಣ’ ಎಂದು ಮುಂದೂಡಬಾರದು.

ಈ ಲೇಖನ ಯಾಕೆ?

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಮನೆಯ ಏಳು ಸೀಟಿನ ಡೀಸೆಲ್ ಗಾಡಿಯಿಂದ ಹೊಸದೊಂದು ಸದ್ದು ಶುರುವಾಯಿತು. 40 ಕಿಲೋಮೀಟರ್ ವೇಗ ದಾಟಿದರೆ ಸಾಕು, ಸಂಜೆಯ ಜೀರುಂಡೆಯಂತೆ ಒಂದೇ ಸಮನೆ ‘ಗುಂಯ್’. ಹಿಂದಿನ ಸೀಟಿನಲ್ಲಿದ್ದ ಅಜ್ಜನೇ ಮೊದಲು ಗುರುತಿಸಿದ್ದು: “ಎಂತದೋ ಶಬ್ದ ಬತ್ತಾ ಇದ್ದು, ತಮಾ.”

ಮನೆಯ ವಾಟ್ಸಾಪ್ ಗುಂಪಿನಲ್ಲಿ ವಿಷಯ ಹಾಕಿದ್ದೇ ತಡ, ಸಲಹೆಗಳು ಸುರಿದವು. ಬೆಲ್ಟಿಗೆ ಸಾಬೂನು ಉಜ್ಜಿ ಎಂದಿತು ಒಂದು ಫಾರ್ವರ್ಡ್. ಗೇರ್‌ಬಾಕ್ಸಿಗೆ ದಪ್ಪ ಎಣ್ಣೆ ಹಾಕಿ ಎಂದಿತು ಇನ್ನೊಂದು. ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಓಡಿಸಿ ನೋಡದೆಯೇ “ಹಿಂದಿನ ಡಿಫರೆನ್ಷಿಯಲ್ ಪೂರ್ತಿ ಬದಲಿಸಬೇಕು” ಎಂದು ಐದಂಕಿಯ ಲೆಕ್ಕ ಕೊಟ್ಟರು. ಕೊನೆಗೆ ಸಿಕ್ಕಿದ ತಪ್ಪಿತಸ್ಥ ಹಿಂದಿನ ಬಲಚಕ್ರದ ಬೇರಿಂಗ್. ಡಿಫರೆನ್ಷಿಯಲ್ ಎದುರು ಅದರ ಖರ್ಚು ತೀರಾ ಚಿಕ್ಕದು. ಆದರೆ ಅದೇ ವಾರ ಅಜ್ಜನನ್ನು ಆಸ್ಪತ್ರೆಗೆಂದು ಅದೇ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿಸುವವರಿದ್ದೆವು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಂದಿಗೆ ಕರಾವಳಿಗೆ ಹೋಗಬೇಕೆಂದರೆ ಘಟ್ಟ ಇಳಿಯದೆ ಗತಿಯಿಲ್ಲ. ಕುಮಟಾ ದಾರಿಯಲ್ಲಿ ದೇವಿಮನೆ, ಅಂಕೋಲಾ ದಾರಿಯಲ್ಲಿ ಅರಬೈಲ್, ಮಾವಿನಗುಂಡಿ ದಾಟಿದರೆ ಗೇರುಸೊಪ್ಪೆಯ ತಿರುವುಗಳು. ಇಲ್ಲಿ ಗಾಡಿಯ ಸದ್ದನ್ನು ಅರ್ಥಮಾಡಿಕೊಳ್ಳುವುದು ಹಣ ಉಳಿಸುವ ಮಾತಷ್ಟೇ ಅಲ್ಲ.

ಸದ್ದು ಹುಟ್ಟುವುದು ಹೇಗೆ?

ತಿರುಗುವ ಯಾವ ಭಾಗವೂ ತಿರುಗುವ ಲಯಕ್ಕೆ ತಕ್ಕಂತೆ ನಡುಗುತ್ತದೆ. ನಡುಕ ಸೆಕೆಂಡಿಗೆ ನೂರಾರು ಸಲ ಆದಾಗ ಅದು ಬಡಿತದಂತೆ ಕೇಳದೆ ಒಂದೇ ಎಳೆಯ ಸ್ವರದಂತೆ ಕೇಳುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಹರ್ಟ್ಸ್ ಎಂದು ಅಳೆಯುತ್ತಾರೆ.

ಒಂದು ಲೆಕ್ಕ ನೋಡಿ. 215/75 ಆರ್15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಸುಮಾರು 7.6 ಸುತ್ತು ತಿರುಗುತ್ತದೆ. ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ನಲ್ಲಿರುವ ದೊಡ್ಡ ಗೇರಿಗೆ 41 ಹಲ್ಲುಗಳಿವೆ ಎಂದುಕೊಳ್ಳಿ. ಪ್ರತಿ ಸುತ್ತಿಗೆ 41 ಹಲ್ಲುಗಳೂ ಒಂದೊಂದು ಸಲ ಕಚ್ಚಿಕೊಳ್ಳುತ್ತವೆ. 7.6ನ್ನು 41ರಿಂದ ಗುಣಿಸಿದರೆ ಸುಮಾರು 310 ಹರ್ಟ್ಸ್. ಕಿವಿಗೆ ಇದು ‘ಗುಂಯ್’. ಅದೇ ಗಾಡಿ 40ರಲ್ಲಿ ಓಡುವಾಗ ಸದ್ದು ಸುಮಾರು 207 ಹರ್ಟ್ಸ್‌ಗೆ ಇಳಿಯುತ್ತದೆ, 80ರಲ್ಲಿ 414ಕ್ಕೆ ಏರುತ್ತದೆ.

ಗೇರು, ಬೇರಿಂಗು ಚೆನ್ನಾಗಿದ್ದಾಗಲೂ ಈ ನಡುಕ ಇದ್ದೇ ಇರುತ್ತದೆ. ಆದರೆ ನಮಗೆ ಕೇಳುವಷ್ಟು ದೊಡ್ಡದಿರುವುದಿಲ್ಲ. ಸವೆತ, ಎಣ್ಣೆಯ ಕೊರತೆ, ನೀರು ಸೇರಿಕೆ, ಸಡಿಲ ಜೋಡಣೆ ಇವು ಅದನ್ನು ದೊಡ್ಡದು ಮಾಡುತ್ತವೆ. ಸದ್ದನ್ನು ಹಿಂಬಾಲಿಸಿದರೆ ಮೂಲ ಸಿಗುತ್ತದೆ ಎನ್ನುವುದು ಇದೇ ಕಾರಣಕ್ಕೆ.

ಮೊದಲ ಪರೀಕ್ಷೆ: ಎಂಜಿನ್ನಿನದೋ, ಚಕ್ರದ್ದೋ?

ಇದಕ್ಕೆ ಯಾವ ಉಪಕರಣವೂ ಬೇಡ.

*ನಿಂತಲ್ಲೇ.* ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲು ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿ 2,000 ಆರ್‌ಪಿಎಂ ತನಕ ಏರಿಸಿ. ಗಾಡಿ ನಿಂತಿದ್ದರೂ ಸದ್ದು ಬಂದು ಎಂಜಿನ್ನಿನ ಜೊತೆ ಏರಿದರೆ ಮೂಲ ಎಂಜಿನ್ ಕಡೆಯದು.

*ಓಡುವಾಗ.* ಸಮತಟ್ಟಾದ, ನೇರವಾದ, ಖಾಲಿ ರಸ್ತೆಯಲ್ಲಿ 50ರ ವೇಗದಲ್ಲಿ ಹೋಗುವಾಗ ಎರಡು ಮೂರು ಸೆಕೆಂಡು ಕ್ಲಚ್ ಒತ್ತಿ. ಎಂಜಿನ್ ಐಡಲ್‌ಗೆ ಇಳಿಯುತ್ತದೆ, ಗಾಡಿ ಮಾತ್ರ ಅದೇ ವೇಗದಲ್ಲಿ ಸಾಗುತ್ತದೆ. ಸದ್ದು ತಟ್ಟನೆ ಇಳಿದರೆ ಮೂಲ ಎಂಜಿನ್ ಅಥವಾ ಗೇರ್‌ಬಾಕ್ಸ್ ಕಡೆ. ಬದಲಾಗದೆ ಮುಂದುವರಿದರೆ ಟೈರ್, ಚಕ್ರದ ಬೇರಿಂಗ್ ಅಥವಾ ಡಿಫರೆನ್ಷಿಯಲ್. ಈ ಪರೀಕ್ಷೆಯನ್ನು ಘಟ್ಟದಲ್ಲಿ ಮಾಡಬೇಡಿ. ಓಡುವಾಗ ಎಂಜಿನ್ನನ್ನಂತೂ ಆಫ್ ಮಾಡಲೇಬೇಡಿ. ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬಲ ಕುಗ್ಗುತ್ತದೆ.

ಎಂಜಿನ್ ಕಡೆಯ ಸದ್ದಾದರೆ

*ಸ್ಟೀರಿಂಗ್ ತಿರುಗಿಸುವಾಗ ಮಾತ್ರ ‘ಊಂಯ್’.* ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಗಾಡಿಗಳಲ್ಲಿ ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಂಡು ನರಳುತ್ತದೆ. ಡಬ್ಬಿಯ ಮೇಲಿನ ಗುರುತು ನೋಡಿ, ಎಣ್ಣೆಯಲ್ಲಿ ನೊರೆ ಇದೆಯೇ ಗಮನಿಸಿ. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಬ್ರೇಕ್ ಆಯಿಲ್ ಹಾಕಿದರೆ ಸ್ಟೀರಿಂಗಿನ ರಬ್ಬರ್ ಸೀಲು ಹಾಳಾಗುತ್ತದೆ. ಸ್ಟೀರಿಂಗ್ ಎಣ್ಣೆ ಬ್ರೇಕಿಗೆ ಹೋದರೆ ಬ್ರೇಕೇ ಕೈಕೊಡಬಹುದು. ಎಣ್ಣೆ ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹೊಸ ಗಾಡಿಗಳಲ್ಲಿ ಹಲವಕ್ಕೆ ವಿದ್ಯುತ್ ಮೋಟಾರಿನ ಸ್ಟೀರಿಂಗ್ ಇರುತ್ತದೆ. ಅವಕ್ಕೆ ಈ ಎಣ್ಣೆಯೇ ಇಲ್ಲ, ಹಾಗಾಗಿ ‘ಎಲ್ಲ ಕಾರಿಗೂ ಸ್ಟೀರಿಂಗ್ ಆಯಿಲ್ ಬದಲಿಸಿ’ ಎಂಬ ಫಾರ್ವರ್ಡ್ ತಪ್ಪು.

*ಲೈಟು, ವೈಪರು, ಬ್ಲೋವರ್ ಹಾಕಿದರೆ ಹೆಚ್ಚಾಗುವ ಸದ್ದು.* ಮಳೆಗಾಲದ ಸಂಜೆ ಇವೆಲ್ಲ ಒಟ್ಟಿಗೇ ಓಡುತ್ತವೆ. ಆಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಮೇಲೆ ಹೊರೆ ಬೀಳುತ್ತದೆ. ಅದು ಎಂಜಿನ್ನಿಗಿಂತ ಎರಡು ಮೂರು ಪಟ್ಟು ಜೋರಾಗಿ ತಿರುಗುವುದರಿಂದ ಬೇರಿಂಗ್ ಸವೆದರೆ ಸದ್ದು ತೆಳುವಾಗಿ, ಎತ್ತರದಲ್ಲಿ ಕೇಳುತ್ತದೆ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ನಿಮಿಷದೊಳಗೆ ಹೇಳಬಲ್ಲರು.

*ಎಸಿ ಹಾಕಿದರೆ ಮಾತ್ರ ಬಂದು, ಆರಿಸಿದರೆ ನಿಲ್ಲುವ ಸದ್ದು.* ಕಂಪ್ರೆಸರ್ ಅಥವಾ ಅದರ ಕ್ಲಚ್ ಬೇರಿಂಗ್ ಕಡೆ ನೋಡಬೇಕು.

*ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೆ ‘ಕೀಂಯ್’.* ಇದು ಬೆಲ್ಟಿನ ಸದ್ದು. ರಾತ್ರಿಯ ಥಂಡಿಗೆ ಒದ್ದೆಯಾದ ಬೆಲ್ಟು ನಾಲ್ಕು ಸೆಕೆಂಡು ಕಿರುಚಿ ಸುಮ್ಮನಾದರೆ ಗಾಬರಿ ಬೇಡ. ದಿನವೂ ಬಂದರೆ, ಬೆಲ್ಟಿನಲ್ಲಿ ಬಿರುಕು ಕಂಡರೆ ಬೆಲ್ಟು, ಟೆನ್ಷನರ್, ಐಡ್ಲರ್ ಪುಲ್ಲಿ ಮೂರನ್ನೂ ಪರೀಕ್ಷಿಸಬೇಕು. ಎಂಜಿನ್ ಓಡುವಾಗ ಬಾನೆಟ್ ತೆಗೆದು ಬಗ್ಗುವವರು ಪಂಚೆ, ಟವೆಲ್ಲು, ಸೀರೆಯ ಸೆರಗು, ಜಡೆ ಬೆಲ್ಟಿನಿಂದ ದೂರ ಇರುವಂತೆ ನೋಡಿಕೊಳ್ಳಿ.

*ಕ್ಲಚ್ಚಿನ ಜೊತೆ ಬದಲಾಗುವ ಸದ್ದು.* ನಿಂತ ಗಾಡಿಯಲ್ಲಿ, ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟಾಗ ಸದ್ದಿದ್ದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ಮಾತ್ರ ಬಂದರೆ ಕ್ಲಚ್ ರಿಲೀಸ್ ಬೇರಿಂಗ್. ಎರಡರ ಖರ್ಚೂ ಬೇರೆ ಬೇರೆ, ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಇದನ್ನು ಗಮನಿಸಿಟ್ಟುಕೊಳ್ಳಿ.

*ಏರಿನಲ್ಲಿ ಸಿಳ್ಳೆ.* ಟರ್ಬೊ ಇರುವ ಡೀಸೆಲ್ ಎಂಜಿನ್ ಸಣ್ಣಗೆ ಸಿಳ್ಳೆ ಹಾಕುವುದು ಸಹಜ. ಅದರೊಳಗಿನ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಆದರೆ ಸಿಳ್ಳೆ ಸೈರನ್ನಿನಂತಾಗಿ, ಎಳೆಯುವ ಶಕ್ತಿ ಕುಗ್ಗಿ, ಕಪ್ಪು ಅಥವಾ ನೀಲಿ ಹೊಗೆ ಬಂದರೆ ಗಾಳಿಯ ಪೈಪು ಸೋರುತ್ತಿರಬಹುದು, ಇಲ್ಲವೇ ಟರ್ಬೊ ಬೇರಿಂಗ್ ಸವೆದಿರಬಹುದು. ಹಾಗೆಯೇ ಓಡಿಸಬೇಡಿ.

*ಸ್ಪೀಕರಿನೊಳಗಿಂದ ಬರುವ ‘ಕುಂಯ್’.* ಹಾಡು ಹಾಕಿದಾಗ ಮಾತ್ರ ಬಂದು ಆಕ್ಸಿಲರೇಟರ್ ಜೊತೆ ಏರಿದರೆ ಅದು ಯಂತ್ರದ ದೋಷವೇ ಅಲ್ಲ. ಹೊಸ ಸ್ಟೀರಿಯೊ ಕೂರಿಸುವಾಗ ಅರ್ಥಿಂಗ್ ಸರಿಯಾಗಿ ಕೊಡದಿದ್ದರೆ ಆಲ್ಟರ್ನೇಟರಿನ ವಿದ್ಯುತ್ ಏರಿಳಿತ ಸ್ಪೀಕರಿಗೆ ನುಸುಳುತ್ತದೆ.

ಚಕ್ರದ ಕಡೆಯ ಸದ್ದಾದರೆ

*ಟೈರ್.* ಡಾಂಬರಿನಿಂದ ಕಾಂಕ್ರೀಟಿಗೆ ಬಂದ ಕೂಡಲೆ ಸದ್ದಿನ ಬಣ್ಣ ಬದಲಾದರೆ ಮೊದಲ ಅನುಮಾನ ಟೈರಿನದು. ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ಸಿಕ್ಕಿದರೆ ಸವೆತ ಸಮನಾಗಿಲ್ಲ. ಅಲೈನ್‌ಮೆಂಟ್, ಗಾಳಿಯ ಒತ್ತಡ, ಶಾಕ್ ಅಬ್ಸಾರ್ಬರ್ ಪರೀಕ್ಷಿಸಿ. ಕೆಸರಿಗೆಂದು ದೊಡ್ಡ ಹಲ್ಲಿನ ಟೈರ್ ಹಾಕಿಸಿದವರಿಗೆ ಡಾಂಬರಿನಲ್ಲಿ ಗುಂಯ್‌ಗುಡುವಿಕೆ ತಪ್ಪಿದ್ದಲ್ಲ.

*ಚಕ್ರದ ಬೇರಿಂಗ್.* ದೂರದಲ್ಲಿ ವಿಮಾನ ಹೋದಂತೆ ಸದ್ದು, ವೇಗದ ಜೊತೆ ಏರಿಕೆ, ಕ್ಲಚ್ ಒತ್ತಿದರೂ ಬದಲಾಗದು. ಅಗಲವಾದ ತಿರುವಿನಲ್ಲಿ ಗಮನಿಸಿ: ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗುವಾಗ ಹೆಚ್ಚಿದರೆ ಎಡಗಡೆಯದು. ನಮ್ಮ ಗಾಡಿಯ ರೋಗ ಸಿಕ್ಕಿದ್ದು ಹೀಗೇ. ಎಡತಿರುವಿನಲ್ಲೆಲ್ಲ ಸದ್ದು ಜೋರು, ಬಲತಿರುವಿನಲ್ಲಿ ಮೆಲ್ಲಗೆ. ಗಾಡಿಯನ್ನು ಲಿಫ್ಟಿಗೆ ಏರಿಸಿ ಹಿಂದಿನ ಬಲಚಕ್ರವನ್ನು ಕೈಯಿಂದ ತಿರುಗಿಸಿದಾಗ ಒಳಗೆ ಮರಳಿದ್ದಂತೆ ಗರಗರ ಎಂದಿತು.

ನಮ್ಮ ಕಡೆ ಬೇರಿಂಗಿಗೆ ದೊಡ್ಡ ಶತ್ರು ನೀರು ಮತ್ತು ಕೆಸರು. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದ ದಾರಿಯಲ್ಲಿ, ಹಳ್ಳದ ನೀರಿನಲ್ಲಿ ಓಡಾಡಿದ ಗಾಡಿಯ ಸೀಲು ಸ್ವಲ್ಪ ಸವೆದಿದ್ದರೂ ಸಾಕು, ನೀರು ಒಳಗಿಳಿದು ಗ್ರೀಸ್ ಕೆಡುತ್ತದೆ. ಸದ್ದು ಕೇಳುವುದು ತಿಂಗಳುಗಳ ನಂತರ. ಬೇರಿಂಗ್ ತೀರಾ ಹೋದರೆ ಚಕ್ರ ಅಲ್ಲಾಡುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸಿಕ್ಕಿಹಾಕಿಕೊಳ್ಳಲೂಬಹುದು, ಕಳಚಲೂಬಹುದು. ಇದನ್ನು ತಡಮಾಡದೆ ಸರಿಪಡಿಸಬೇಕು.

*ಡಿಫರೆನ್ಷಿಯಲ್.* ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆಯ ಸದ್ದು, ಬಿಟ್ಟ ಕೂಡಲೆ ಮಾಯ. ಇಲ್ಲವೇ ಬಿಟ್ಟಾಗ ಮಾತ್ರ ಸದ್ದು. ಒಂದು ನಿರ್ದಿಷ್ಟ ವೇಗದಲ್ಲಿ, ಹೇಳಿ 55ರಿಂದ 65ರ ನಡುವೆ, ಹೆಚ್ಚು ಕೇಳುವುದೂ ಉಂಟು. ತಿರುವಿಗೂ ಇದಕ್ಕೂ ಸಂಬಂಧ ಕಡಿಮೆ. ಮೊದಲು ಮಾಡಬೇಕಾದದ್ದು ಎಣ್ಣೆಯ ಪರೀಕ್ಷೆ. ಘಟ್ಟ ಹತ್ತಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಒಳಗೆಳೆಯುತ್ತದೆ. ಬ್ರೀದರ್ ಅಥವಾ ಸೀಲು ಸರಿಯಿಲ್ಲದಿದ್ದರೆ ನೀರೇ ಒಳಗೆ ಹೋಗುತ್ತದೆ. ಹೊರತೆಗೆದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ನೀರು ಸೇರಿದೆ. ಲೋಹದ ಚೂರುಗಳಿದ್ದರೆ ಒಳಗೆ ಸವೆತ ಆಗಿದೆ. ಎಣ್ಣೆಯನ್ನು ನೋಡದೆ ‘ಪೂರ್ತಿ ಬದಲಿಸಿ’ ಎಂದವರನ್ನು ಯಾಕೆ ಎಂದು ಕೇಳಿ.

*ಫೋರ್ ವೀಲ್ ಡ್ರೈವ್ ಮರೆತದ್ದು.* ಕೆಸರಿನ ಏರಿಗೆಂದು 4ಎಚ್ ಹಾಕಿದವರು ಡಾಂಬರಿಗೆ ಬಂದ ಮೇಲೆ 2ಎಚ್‌ಗೆ ತರಲು ಮರೆಯುವುದಿದೆ. ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಜೋಡಿಸುವ ಗಾಡಿಗಳಲ್ಲಿ ಒಣ ರಸ್ತೆಯ ತಿರುವಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಜಗ್ಗುತ್ತವೆ. ಸದ್ದು ಬರುತ್ತದೆ, ಸ್ಟೀರಿಂಗ್ ಗಡುಸಾಗುತ್ತದೆ, ಗೇರು ಸವೆಯುತ್ತದೆ. ಮೊದಲು ಲಿವರ್ ಅಥವಾ ಸ್ವಿಚ್ ಎಲ್ಲಿದೆ ನೋಡಿ.

*ಬ್ರೇಕ್.* ಬ್ರೇಕ್ ಒತ್ತಿದಾಗ, ಕೆಲವೊಮ್ಮೆ ಒತ್ತದಿದ್ದಾಗಲೂ ಲೋಹ ಕೆರೆದಂತೆ ಕಿರುಚಿದರೆ ಪ್ಯಾಡ್ ಮುಗಿಯುತ್ತಾ ಬಂದಿರಬಹುದು. ಎಷ್ಟೋ ಪ್ಯಾಡುಗಳಲ್ಲಿ ಹೀಗೆ ಎಚ್ಚರಿಸಲೆಂದೇ ಸಣ್ಣ ಲೋಹದ ಪಟ್ಟಿ ಇಟ್ಟಿರುತ್ತಾರೆ. ಘಟ್ಟ ಇಳಿಯುವ ಮೊದಲೇ ತೋರಿಸಿ.

ಇದು ರೋಗವಲ್ಲ: ರಿವರ್ಸ್ ಗೇರಿನ ಸದ್ದು

ಹಿಂದಕ್ಕೆ ಬರುವಾಗ ‘ಊಂ’ ಎನ್ನುವ ಸದ್ದು ಹಲವು ಮ್ಯಾನ್ಯುವಲ್ ಗಾಡಿಗಳಲ್ಲಿ ಹೊಸದರಿಂದಲೇ ಇರುತ್ತದೆ. ಮುಂದಿನ ಗೇರುಗಳ ಹಲ್ಲು ಓರೆಯಾಗಿರುತ್ತವೆ, ಒಂದರ ಮೇಲೊಂದು ಜಾರುತ್ತಾ ಕಚ್ಚಿಕೊಳ್ಳುವುದರಿಂದ ಸದ್ದು ಕಡಿಮೆ. ರಿವರ್ಸ್ ಗೇರಿನ ಹಲ್ಲು ಎಷ್ಟೋ ಗಾಡಿಗಳಲ್ಲಿ ನೇರವಾಗಿರುತ್ತವೆ. ಇಡೀ ಹಲ್ಲು ಒಮ್ಮೆಲೇ ಬಡಿಯುತ್ತದೆ, ಅದಕ್ಕೇ ಆ ಸದ್ದು.

ಫಾರ್ವರ್ಡ್‌ಗಳು ಹೇಳುವುದೇನು, ನಿಜವೇನು?

*“ಬೆಲ್ಟಿಗೆ ಸಾಬೂನು ಅಥವಾ ಎಣ್ಣೆ ಹಚ್ಚಿ.”* ತಪ್ಪು. ಸದ್ದು ಸ್ವಲ್ಪ ಹೊತ್ತು ನಿಲ್ಲುವುದು ನಿಜ. ಆದರೆ ಬೆಲ್ಟಿನ ಕೆಲಸವೇ ಜಾರದೆ ಹಿಡಿಯುವುದು. ಎಣ್ಣೆ ತಾಗಿದರೆ ಜಾರುತ್ತದೆ, ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಬಿಸಿಯೇರಿ ದಾರಿಯಲ್ಲೇ ನಿಲ್ಲಬಹುದು.

*“ಗೇರ್‌ಬಾಕ್ಸಿಗೆ ಗ್ರೀಸ್, ಬಾಳೆಹಣ್ಣಿನ ಸಿಪ್ಪೆ, ಮರದ ಪುಡಿ ಹಾಕಿದರೆ ಸದ್ದು ನಿಲ್ಲುತ್ತದೆ.”* ತಪ್ಪು. ಹಳೆಯ ಗಾಡಿಯನ್ನು ಮಾರುವಾಗ ಸದ್ದು ಮುಚ್ಚಲು ಮಾಡುವ ತಂತ್ರಗಳಿವು. ದಪ್ಪ ಗ್ರೀಸ್ ಬೇರಿಂಗ್ ತನಕ ಹರಿಯುವುದಿಲ್ಲ, ಪುಡಿ ಎಣ್ಣೆಯ ದಾರಿ ಕಟ್ಟುತ್ತದೆ. ಹಳೆಯ ಗಾಡಿ ಕೊಳ್ಳುವವರು ಗೇರ್ ಆಯಿಲ್ ತೆಗೆಸಿ ನೋಡುವುದು ಇದಕ್ಕಾಗಿಯೇ.

*“ಜಿಎಲ್-5 ಎಣ್ಣೆ ಎಲ್ಲಕ್ಕೂ ಒಳ್ಳೆಯದು.”* ಅರ್ಧಸತ್ಯ. ಹಿಂದಿನ ಆಕ್ಸಲ್‌ಗೆ ಅದು ಬೇಕಾಗಬಹುದು. ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ಭಾಗಗಳಿಗೆ ಎಲ್ಲ ಜಿಎಲ್-5 ಎಣ್ಣೆಯೂ ಹೊಂದುವುದಿಲ್ಲ. ಕೈಪಿಡಿಯಲ್ಲಿ ಬರೆದದ್ದೇ ಕೊನೆಯ ಮಾತು.

*“ಘಟ್ಟದಲ್ಲಿ ಗೇರಿನ ಸದ್ದು ಬಂದರೆ ನ್ಯೂಟ್ರಲ್ ಮಾಡಿ, ಡೀಸೆಲ್ಲೂ ಉಳಿಯುತ್ತದೆ.”* ತಪ್ಪು, ಅಪಾಯಕಾರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 2 ಟನ್ ತೂಗುವ ಗಾಡಿ ಅಲ್ಲಿಂದ ಕುಮಟೆಗೆ ಇಳಿಯುವಾಗ ಸುಮಾರು 1.16 ಕೋಟಿ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಸುಮಾರು 35 ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಶಕ್ತಿ ಸಾಕು. ಗೇರಿನಲ್ಲಿದ್ದರೆ ಎಂಜಿನ್ ಇದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಆ ಪಾಲೂ ಬ್ರೇಕಿನ ಮೇಲೇ ಬೀಳುತ್ತದೆ. ಬ್ರೇಕ್ ಕಾದಷ್ಟೂ ಹಿಡಿತ ಕಡಿಮೆ. ಇನ್ನು ಉಳಿತಾಯದ ಮಾತು: ಈಗಿನ ಎಂಜಿನ್‌ಗಳು ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ, ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಇಂಧನ ಬೇಕೇ ಬೇಕು.

ನಿಮ್ಮ ಫೋನನ್ನು ಹೀಗೆ ಬಳಸಿ

ಫಾರ್ವರ್ಡ್ ಓದುವುದಕ್ಕಿಂತ ಫೋನಿನ ಒಳ್ಳೆಯ ಉಪಯೋಗ ಒಂದಿದೆ. ಪಕ್ಕದಲ್ಲಿ ಕೂತವರು ಸದ್ದನ್ನು ರೆಕಾರ್ಡ್ ಮಾಡಲಿ, ಓಡಿಸುವವರು ಬೇಡ. ರೆಕಾರ್ಡ್ ಮಾಡುತ್ತಲೇ “ಈಗ 50, ಮೂರನೇ ಗೇರ್, ಎಡತಿರುವು” ಎಂದು ಬಾಯಲ್ಲಿ ಹೇಳುತ್ತಾ ಹೋಗಲಿ. ಗ್ಯಾರೇಜಿಗೆ ಹೋದಾಗ “ಏನೋ ಸದ್ದು” ಎನ್ನುವ ಬದಲು ಈ ಐದನ್ನು ಹೇಳಿ:

1. ಯಾವ ವೇಗದಲ್ಲಿ ಶುರುವಾಗುತ್ತದೆ?
2. ಕ್ಲಚ್ ಒತ್ತಿದರೆ ಬದಲಾಗುತ್ತದೆಯೇ?
3. ಎಡ, ಬಲ ತಿರುವಿನಲ್ಲಿ ವ್ಯತ್ಯಾಸವಿದೆಯೇ?
4. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚೋ, ಬಿಟ್ಟಾಗಲೋ?
5. ಇತ್ತೀಚೆಗೆ ನೀರಿನಲ್ಲಿ ಇಳಿಸಿದ್ದು, ಟೈರ್ ಬದಲಿಸಿದ್ದು, ರಿಪೇರಿ ಮಾಡಿಸಿದ್ದು ಇದೆಯೇ?

ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ದೊಡ್ಡ ಖರ್ಚು ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ನೀವೂ ಹೋಗಬೇಡಿ, ಯಾರನ್ನೂ ಕಳಿಸಬೇಡಿ.

ಯಾವಾಗ ಗಾಡಿ ನಿಲ್ಲಿಸಲೇಬೇಕು?

- ಸದ್ದಿನ ಜೊತೆ ಸ್ಟೀರಿಂಗ್ ನಡುಗಿದರೆ ಅಥವಾ ಚಕ್ರ ಅಲ್ಲಾಡಿದಂತೆ ಅನ್ನಿಸಿದರೆ.
- ಒಂದು ಚಕ್ರದ ಬಳಿ ಮಾತ್ರ ಸುಟ್ಟ ವಾಸನೆ ಬಂದರೆ ಅಥವಾ ಬಿಸಿ ಹೆಚ್ಚಿದ್ದರೆ. ಮುಟ್ಟಿ ನೋಡಬೇಡಿ, ಕೈ ಹತ್ತಿರ ತಂದರೆ ಗೊತ್ತಾಗುತ್ತದೆ.
- ಬ್ಯಾಟರಿ, ಎಣ್ಣೆ, ಬ್ರೇಕ್ ಅಥವಾ ಉಷ್ಣತೆಯ ಕೆಂಪು ದೀಪ ಹೊತ್ತಿದರೆ.
- ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ಅಥವಾ ಲೋಹ ಲೋಹಕ್ಕೆ ಉಜ್ಜುವ ಸದ್ದು ಬಂದರೆ.

ಕೊನೆಯ ಮಾತು

‘ಗುಂಯ್’ ಎಂದರೆ ಗೇರ್‌ಬಾಕ್ಸ್ ಹೋಯಿತು ಎಂಬ ಹೇಳಿಕೆ ತಪ್ಪು. ‘ಓಡ್ತಾ ಇದೆಯಲ್ಲ, ಏನೂ ಆಗೋದಿಲ್ಲ’ ಎಂಬುದೂ ಅಷ್ಟೇ ತಪ್ಪು. ನಮ್ಮ ಗಾಡಿಯ ಬೇರಿಂಗ್ ಬದಲಿಸಲು ಅರ್ಧ ದಿನ ಹಿಡಿಯಿತು. ಅಜ್ಜನ ಆಸ್ಪತ್ರೆಯ ದಿನವನ್ನು ಎರಡು ದಿನ ಮುಂದಕ್ಕೆ ಹಾಕಿದೆವು. ಘಟ್ಟ ಇಳಿಯುವಾಗ ಅವರು ಕಿವಿಗೊಟ್ಟು ಕೂತಿದ್ದರು, ಈ ಸಲ ಏನೂ ಹೇಳಲಿಲ್ಲ.

ಮುಂದಿನ ಸಲ ‘ಸಾಬೂನು ಹಚ್ಚಿ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ಮೇಲಿನ ಐದು ಪ್ರಶ್ನೆಗಳನ್ನು ಕಳಿಸಿ.